ವಿದ್ಯಾನಗರದ ಯೂರಾಲಜಿ ಕ್ಲಿನಿಕ್: ಅಪ್ಪನ ಪ್ರಾಸ್ಟೇಟ್ ತೋರಿಸಿಕೊಂಡು ಬಂದ ಮೇಲೆ

ಅಪ್ಪನ ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ, ತೋರಿಸೋಕೆ ಹೋಗಿದ್ದ ಹುಬ್ಬಳ್ಳಿ ವಿದ್ಯಾನಗರದ ಈ ಮೂತ್ರರೋಗದ ಕ್ಲಿನಿಕ್ಕಿಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಯಿಸಿದ್ದಕ್ಕೆ ಮತ್ತು ಕೌಂಟರ್‌ನವರ ದೊಡ್ಡ ದನಿಗೆ. ಡಾಕ್ಟರಿಗೆ ಮಾತ್ರ ಪೂರ್ತಿ ಐದು. ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ, ಅಪ್ಪ ಬೇಡ ಅಂದಿದ್ದಾರೆ. ನಮ್ಮ ಬೆಟಗೇರಿಯಲ್ಲಿ ಇಂಥ ವಿಷಯ ಓಣಿ ತುಂಬಾ ಹರಡೋಕೆ ಹೊತ್ತು ಬೇಕಾಗೋದಿಲ್ಲ. ಅಲ್ಲಿ ಹೇಗೆ ನೋಡಿದರು, ಯಾವುದಾದ ಮೇಲೆ ಯಾವುದನ್ನು ಮಾಡಿದರು ಅಂತ ಬರೆಯುತ್ತೇನೆ. ಗದಗ, ಹಾವೇರಿ, ಧಾರವಾಡ ಎಲ್ಲೇ ತೋರಿಸಿದರೂ ನೀವು ಇಷ್ಟನ್ನು ಡಾಕ್ಟರ ಹತ್ತಿರ ಕೇಳಬಹುದು.

ಅಪ್ಪನಿಗೆ 71. ಈಗಲೂ ಕೈಮಗ್ಗದ ಮೇಲೆ ಕೂರುತ್ತಾರೆ. ಆದರೆ ಒಂದೆರಡು ವರ್ಷದಿಂದ ಒಂದು ಮೊಳ ನೇಯುವುದರೊಳಗೆ ಲಾಳಿ ಬದಿಗಿಟ್ಟು ಒಂದಕ್ಕೆ ಎದ್ದು ಹೋಗಬೇಕು. ಹೋದರೂ ಬೇಗ ಬರುವುದಿಲ್ಲ, ನಿಂತು ಕಾಯಬೇಕು. ಬಂದರೂ ಧಾರೆ ಸಣ್ಣದು, ನಿಂತು ನಿಂತು ಬರುತ್ತದೆ. ರಾತ್ರಿಯಂತೂ ಬಚ್ಚಲಮನೆ ಲೈಟು ಹತ್ತುತ್ತಲೇ ಇರುತ್ತಿತ್ತು. ಕೇಳಿದರೆ "ವಯಸ್ಸಾತಲ್ಲ ಯವ್ವಾ, ಎಲ್ಲಾರಿಗೂ ಇರೋದ ಇದು" ಅನ್ನುತ್ತಿದ್ದರು.

ಇದರ ಮೇಲೆ ಒಂದು ಸಲ ಜ್ವರ ಬಂತು, ಮೂತ್ರ ಉರಿಯೋಕೆ ಶುರುವಾಯಿತು. ಸರಿಯಾಗಿ ಅದೇ ವಾರ ನಮ್ಮ ಓಣಿಗೆ ಒಂದು ಲ್ಯಾಬಿನವರು ಹಿರಿಯರ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಅಂತ ಬಂದರು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಮರುದಿನ ವಾಟ್ಸಾಪ್‌ನಲ್ಲಿ ರಿಪೋರ್ಟ್ ಬಂತು. ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡುವ ರಕ್ತ ಪರೀಕ್ಷೆ) 7.2 ಅಂತ ಕೆಂಪಕ್ಷರದಲ್ಲಿ, ಪಕ್ಕದಲ್ಲಿ 4ರೊಳಗೆ ಇರಬೇಕು ಅಂತ. ಫೋನ್ ಮಾಡಿ ಕೇಳಿದರೆ ಆ ಕಡೆಯ ಹುಡುಗಿ "ಕ್ಯಾನ್ಸರ್ ಇರಬಹುದು ಮೇಡಂ, ದೊಡ್ಡ ಡಾಕ್ಟರಿಗೆ ತೋರಿಸಿ" ಅಂದು ಇಟ್ಟುಬಿಟ್ಟಳು. ರಕ್ತ ತೆಗೆಯೋ ಮುಂಚೆ ಜ್ವರ ಇದೆಯಾ, ಉರಿ ಇದೆಯಾ ಅಂತ ಒಂದು ಮಾತು ಕೇಳಿರಲಿಲ್ಲ. ಈ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಮನೆಯ ನಿದ್ದೆ ಕೆಡಿಸುವಂಥ ಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಸುಮ್ನೆ ಸೇರಿಸಿ ಮಾರಬಾರದು.

ನಾವು ಅಷ್ಟು ಹೆದರಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಸ್ವಂತ ಅಣ್ಣ, ಹೋಗಿದ್ದು ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ. ರಿಪೋರ್ಟ್ ಬಂದ ದಿನ ಅಪ್ಪ ಊಟ ಮಾಡಲಿಲ್ಲ. "ಅಣ್ಣಗ ಬಂದಿದ್ದ ನನಗೂ ಬಂತು" ಅಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಕ್ಲಿನಿಕ್ಕಿನಲ್ಲಿ ನನಗೆ ಮೊದಲು ಹಿಡಿಸಿದ್ದು ಆ ಏಳು ಪ್ರಶ್ನೆಗಳ ಹಾಳೆ. ಕನ್ನಡದಲ್ಲೇ ಅಚ್ಚು ಹಾಕಿಸಿದ್ದಾರೆ. ಮೂತ್ರ ಪೂರ್ತಿ ಖಾಲಿ ಆಗಲಿಲ್ಲ ಅನ್ನಿಸುತ್ತದಾ, ಎರಡು ತಾಸಿನೊಳಗೆ ಮತ್ತೆ ಹೋಗಬೇಕಾಗುತ್ತದಾ, ನಿಂತು ನಿಂತು ಬರುತ್ತದಾ, ತಡೆದುಕೊಳ್ಳೋಕೆ ಕಷ್ಟವಾ, ಧಾರೆ ಸಣ್ಣ ಆಗಿದೆಯಾ, ತಿಣುಕಬೇಕಾಗುತ್ತದಾ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 35. ಏಳರೊಳಗೆ ಇದ್ದರೆ ತೊಂದರೆ ಸಣ್ಣದು, 8ರಿಂದ 19 ಮಧ್ಯಮ, 20 ಅಥವಾ ಅದಕ್ಕಿಂತ ಮೇಲೆ ಬಂದರೆ ಜಾಸ್ತಿ. ಅಪ್ಪನಿಗೆ ಚಾಳೀಸು ಇರಲಿಲ್ಲ, ಸಿಸ್ಟರ್ ಪಕ್ಕ ಕೂತು ಮೆಲ್ಲಗೆ ಓದಿ ಹೇಳಿದರು. 21 ಬಂತು. ಎಲ್ಲರಿಗೂ ಇರೋದೇ ಅಂತ ಅಪ್ಪ ನುಂಗಿಕೊಂಡಿದ್ದು ಎಷ್ಟು ಅಂತ ನನಗೆ ಆವಾಗ ಗೊತ್ತಾಯಿತು.

ಡಾಕ್ಟರ್ ರಿಪೋರ್ಟನ್ನು ಮೊದಲು ಕೈಗೆ ತೆಗೆದುಕೊಳ್ಳಲಿಲ್ಲ. ಶುಗರ್ ಇದೆಯಾ, ನೆಗಡಿ ಮಾತ್ರೆ ತೆಗೆದುಕೊಳ್ತೀರಾ, ಮೂತ್ರದಲ್ಲಿ ರಕ್ತ ಕಂಡಿತ್ತಾ, ಬೆನ್ನು ಸೊಂಟ ನೋವಿದೆಯಾ, ತೂಕ ಇಳಿದಿದೆಯಾ, ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತೆಲ್ಲ ಕೇಳಿದರು. ನೆಗಡಿ ಮಾತ್ರೆಯ ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತ್ತು. ಪ್ರಾಸ್ಟೇಟ್ ದೊಡ್ಡದಾದವರಿಗೆ ಕೆಲವು ನೆಗಡಿ ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡಬಹುದಂತೆ. ಅಂಗಡಿಯಲ್ಲಿ ಕೇಳಿ ನುಂಗುವ ಅಭ್ಯಾಸ ಅಪ್ಪನಿಗೆ ಇದೆ, ಈಗ ಬಿಡಿಸಿದ್ದೇವೆ.

ಜ್ವರದ ವಿಷಯ ಹೇಳಿದ ಕೂಡಲೇ ಡಾಕ್ಟರ್ ಆ ಲ್ಯಾಬ್ ರಿಪೋರ್ಟನ್ನು ಮಡಚಿ ಫೈಲಿನ ಕೊನೆಗೆ ಇಟ್ಟರು. "ಸೋಂಕಿದ್ದಾಗ ತೆಗೆದ ಪಿಎಸ್‌ಎ ನೋಡಿ ನಾನು ಏನೂ ಹೇಳೋದಿಲ್ಲ. ಮೊದಲು ಸೋಂಕು ಹೋಗಲಿ, ಆರು ವಾರ ಆದ ಮೇಲೆ ಮತ್ತೆ ತೆಗೆಸೋಣ" ಅಂದರು. ಪಿಎಸ್‌ಎ ಅನ್ನೋದು ಪ್ರಾಸ್ಟೇಟ್ ಗ್ರಂಥಿ ತಯಾರು ಮಾಡುವ ಒಂದು ಪ್ರೋಟೀನ್. ಆರೋಗ್ಯವಾಗಿರುವ ಪ್ರಾಸ್ಟೇಟೂ ಅದನ್ನು ತಯಾರಿಸುತ್ತದೆ. ವಯಸ್ಸಿಗೆ ದೊಡ್ಡದಾಗಿದ್ದರೆ ಜಾಸ್ತಿ ತಯಾರಾಗುತ್ತದೆ. ಕ್ಯಾನ್ಸರ್ ಇದ್ದರೂ ಏರುತ್ತದೆ. ಸೋಂಕು, ಮೂತ್ರ ಕಟ್ಟಿಕೊಂಡಿದ್ದು, ಕ್ಯಾಥೆಟರ್ (ಮೂತ್ರ ಇಳಿಸುವ ಪೈಪು) ಹಾಕಿದ್ದು, ಒಂದೆರಡು ದಿನದ ಹಿಂದೆ ವೀರ್ಯ ಹೋಗಿದ್ದು, ಇಷ್ಟರಿಂದಲೂ ಏರುತ್ತದೆ. 4ರಿಂದ 10ರ ನಡುವೆ ಬಂದವರಿಗೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸೋದು) ಮಾಡಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ ಕೂತಿದ್ದು ಆಗಲೇ.

ಆದರೂ ಅಪ್ಪನಿಗೆ ಒಂದು ವಿಷಯ ತಲೆಯಿಂದ ಹೋಗಿರಲಿಲ್ಲ. "ನಮ್ಮಣ್ಣಗ ಅದಾ ಬ್ಯಾನಿ ಆಗಿತ್ರಿ ಸಾಹೇಬ್ರ. ನನಗ ರಾತ್ರಿ ಇಷ್ಟ್ ಸಲ ಏಳೂದು, ಧಾರಿ ಸಣ್ಣ ಆಗಿದ್ದು, ಎಲ್ಲಾ ಅದಾ ಅಲ್ರೀ?" ಅಂದರು. ಡಾಕ್ಟರ್ ತಿರುಗಿ ಕೇಳಿದರು: "ನಿಮ್ಮ ಅಣ್ಣಾವ್ರಿಗೆ ಹಿಂಗ ಒಂದಕ್ಕೆ ಹೋಗೋ ತೊಂದರೆ ಇತ್ತೇನ್ರಿ?" ಅಪ್ಪ ಯೋಚಿಸಿ ಇರಲಿಲ್ಲ ಅಂದರು. ನಿಜ. ದೊಡ್ಡಪ್ಪನಿಗೆ ಇದ್ದದ್ದು ಸೊಂಟ ನೋವು. ಎಣ್ಣೆ ಹಚ್ಚಿ ತಿಕ್ಕಿದೆವು, ಕಾಸಿದೆವು, ಬೆಲ್ಟ್ ಹಾಕಿಸಿದೆವು. ಮೂತ್ರದ್ದು ಅವರು ಒಂದು ದಿನ ತಕರಾರು ಹೇಳಿದವರಲ್ಲ. ಕೊನೆಗೆ ಗೊತ್ತಾಗುವ ಹೊತ್ತಿಗೆ ಮೂಳೆಗೆ ಹೋಗಿತ್ತು.

ಡಾಕ್ಟರ್ ಚೀಟಿಯ ಹಿಂಬದಿಗೆ ಪೆನ್ನಿನಲ್ಲಿ ಚಿತ್ರ ಬರೆದರು. ಮೇಲೆ ಮೂತ್ರಚೀಲ, ಕೆಳಗೆ ಇಳಿಯುವ ನಳಿಗೆ, ನಳಿಗೆಯ ಸುತ್ತ ಪ್ರಾಸ್ಟೇಟ್, ಅದರ ಬೆನ್ನಿಗೆ ಗುದದ ಗೋಡೆ. ವಯಸ್ಸಿನ ಜೊತೆ ಬೆಳೆಯುವ ಸಾದಾ ಗಡ್ಡೆ, ಬಿಪಿಎಚ್ ಅಂತ ಫೈಲಿನಲ್ಲಿ ಬರೆಯುತ್ತಾರಲ್ಲ ಅದು, ಬೆಳೆಯೋದು ನಡುಭಾಗದಲ್ಲಿ, ನಳಿಗೆಗೆ ಅಂಟಿಕೊಂಡೇ. ಅದಕ್ಕೇ ಬೇಗ ನಳಿಗೆ ಒತ್ತಿಹೋಗುತ್ತದೆ, ತೊಂದರೆ ಬೇಗ ಕಾಣುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಹೊರಭಾಗದಲ್ಲಿ, ಹಿಂದಿನ ಅಂಚಿಗೆ, ನಳಿಗೆಯಿಂದ ದೂರ. ಮೊದಮೊದಲು ಏನೂ ಗೊತ್ತಾಗೋದೇ ಇಲ್ಲ. ರಾತ್ರಿ ಏಳೋದು ಜಾಸ್ತಿ ಆಯಿತು ಅಂತ ಅದಕ್ಕೇ ಕ್ಯಾನ್ಸರ್ ಅನ್ನೋಕೆ ಬರೋದಿಲ್ಲ. ಧಾರೆ ಚೆನ್ನಾಗಿದೆ ಅಂತ ಕ್ಯಾನ್ಸರ್ ಇಲ್ಲ ಅನ್ನೋಕೂ ಬರೋದಿಲ್ಲ. ಬಿಪಿಎಚ್ ಮುಂದೆ ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಆದರೆ ಒಬ್ಬರಿಗೇ ಎರಡೂ ಇರಬಹುದು, ಅದಕ್ಕೆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಆ ಚೀಟಿ ಈಗಲೂ ನಮ್ಮ ಫೈಲಿನಲ್ಲಿದೆ.

ಆಮೇಲೆ ಬೆರಳು ಪರೀಕ್ಷೆ, ಅಂದರೆ ಗುದದ್ವಾರದಲ್ಲಿ ಬೆರಳು ಹಾಕಿ ಪ್ರಾಸ್ಟೇಟನ್ನು ಮುಟ್ಟಿ ನೋಡೋದು. ಗಂಡಸರು ಯೂರಾಲಜಿಸ್ಟ್ ಹತ್ತಿರ ಹೋಗದೆ ವರ್ಷಗಟ್ಟಲೆ ಮುಂದೂಡುವುದು ಇದಕ್ಕೇ ಅಂತ ಕಾಣುತ್ತದೆ. ಅಪ್ಪನ ಮುಖ ಸಣ್ಣದಾಯಿತು. "ನೀ ಹೊರಗ ಕುಂದರು ಯವ್ವಾ" ಅಂದರು. ಡಾಕ್ಟರ್ ಅದಕ್ಕೆ ಮೊದಲು ಅಪ್ಪನ ಕೈ ಹಿಡಿದು ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಹೇಳಿದರು. ಹೆಬ್ಬೆರಳಿನ ಬುಡದ ಉಬ್ಬನ್ನು ಅಪ್ಪನಿಂದಲೇ ಒತ್ತಿಸಿ ನೋಡಿಸಿದರು. ಆಮೇಲೆ ಮುಷ್ಟಿ ಹಿಡಿಸಿ ಗೆಣ್ಣು ಮುಟ್ಟಿಸಿದರು. ಬಿಪಿಎಚ್ ಆಗಿದ್ದರೆ ಆ ಉಬ್ಬಿನ ಹಾಗೆ ನುಣುಪಾಗಿ, ಒತ್ತಿದರೆ ಬಗ್ಗುವ ಹಾಗೆ ಸಿಗುತ್ತದೆ. ಗೆಣ್ಣಿನ ಹಾಗೆ ಗಟ್ಟಿ ಗಂಟು ಸಿಕ್ಕರೆ, ಒಂದು ಕಡೆ ಮಾತ್ರ ಉಬ್ಬಿದ್ದರೆ, ಅನುಮಾನ. ಕ್ಯಾನ್ಸರ್ ಹೆಚ್ಚಾಗಿ ಹಿಂಭಾಗದಲ್ಲೇ ಹುಟ್ಟೋದರಿಂದ ಬೆರಳಿಗೆ ಸಿಗುವ ಸಾಧ್ಯತೆ ಇದೆ, ಆದರೆ ಎಲ್ಲ ಕ್ಯಾನ್ಸರೂ ಬೆರಳಿಗೆ ಸಿಗೋದಿಲ್ಲ. ಒಂದು ನಿಮಿಷದ ಕೆಲಸ ಅಂದರು, ಹಾಗೇ ಆಯಿತು. ಅಪ್ಪ ಹೊರಗೆ ಬಂದವರು "ಏನಿಲ್ಲ ಬಿಡು, ಸುಮ್ನ ಹೆದರಿದ್ದೆ" ಅಂದರು. ನುಣುಪಾಗಿದೆ, ಎರಡೂ ಕಡೆ ಸಮ ಇದೆ ಅಂತ ಡಾಕ್ಟರ್ ಬರೆದುಕೊಂಡಿದ್ದರು. ಪಿಎಸ್‌ಎ ನೋಡಿ ಬೆರಳು ಪರೀಕ್ಷೆಯೇ ಇಲ್ಲದೆ ನೇರ ಬಯಾಪ್ಸಿಗೆ ಬರೆದುಕೊಟ್ಟರೆ, ಯಾಕೆ ಅಂತ ನೀವು ಖಂಡಿತ ಕೇಳಬೇಕು.

ಯೂರೋಫ್ಲೋ ಅಂತ ಒಂದು ಪರೀಕ್ಷೆ ಇದೆ. ಹೊಟ್ಟೆ ತುಂಬಾ ನೀರು ಕುಡಿದು, ಇನ್ನು ತಡೆಯೋಕಾಗಲ್ಲ ಅನ್ನುವಾಗ ಒಂದು ಮಷೀನಿನ ಮೇಲಿನ ಫನಲ್‌ಗೆ ಒಂದಕ್ಕೆ ಹೋಗಬೇಕು. ಕಡೇಪಕ್ಷ 150 ಎಂಎಲ್ ಆದರೂ ಬಂದರೇ ಲೆಕ್ಕ ಸರಿ ಸಿಗೋದು. ಧಾರೆಯ ವೇಗವನ್ನು ಮಷೀನು ಗೆರೆ ಎಳೆದು ತೋರಿಸುತ್ತದೆ. ಸೆಕೆಂಡಿಗೆ 15 ಎಂಎಲ್ ದಾಟಿದರೆ ಪರವಾಗಿಲ್ಲ, 10ಕ್ಕಿಂತ ಕೆಳಗೆ ಇದ್ದರೆ ಎಲ್ಲೋ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಅಪ್ಪನದು 8. ನಂತರ ಸ್ಕ್ಯಾನ್ ಮಾಡಿದಾಗ ಹೋಗಿ ಬಂದ ಮೇಲೂ ಚೀಲದಲ್ಲಿ 110 ಎಂಎಲ್ ಉಳಿದಿತ್ತು. ಪ್ರಾಸ್ಟೇಟ್ ಗಾತ್ರ 62 ಸಿಸಿ. ಹರೆಯದವರಲ್ಲಿ 20, 25 ಇರುತ್ತದೆ. ಸ್ಕ್ಯಾನ್‌ನಲ್ಲಿ ಗಾತ್ರ ಗೊತ್ತಾಗುತ್ತದೆ, ಅಷ್ಟರಿಂದಲೇ ಕ್ಯಾನ್ಸರ್ ಇಲ್ಲ ಅಂತ ಹೇಳೋಕಾಗುವುದಿಲ್ಲ. ಸ್ಕ್ಯಾನ್ ನಾರ್ಮಲ್ ಇದೆ ಅಂತ ನಿಶ್ಚಿಂತೆಯಾಗಿ ಕೂರುವವರು ನಮ್ಮ ಸುತ್ತ ಬಹಳ ಜನ ಇದ್ದಾರೆ, ಅದಕ್ಕೆ ಬರೆದೆ.

ಸೋಂಕಿಗೆ ಔಷಧಿ ಮುಗಿಸಿ, ಹೇಳಿದಷ್ಟು ವಾರ ಬಿಟ್ಟು ತೆಗೆಸಿದ ಪಿಎಸ್‌ಎ 4.6ಕ್ಕೆ ಇಳಿದಿತ್ತು. ಡಾಕ್ಟರ್ ಅದನ್ನು ಗಾತ್ರದಿಂದ ಭಾಗಿಸಿ ತೋರಿಸಿದರು. 4.6ನ್ನು 62ರಿಂದ ಭಾಗಿಸಿದರೆ ಸುಮಾರು 0.07. ಇದು 0.15ಕ್ಕಿಂತ ಕಡಿಮೆ ಇದ್ದರೆ ಅನುಮಾನ ಕಡಿಮೆ. ಅದೇ 4.6 ಒಂದು 25 ಸಿಸಿಯ ಸಣ್ಣ ಪ್ರಾಸ್ಟೇಟಿನಿಂದ ಬಂದಿದ್ದರೆ ಲೆಕ್ಕ 0.18 ಆಗುತ್ತಿತ್ತು, ಮಾತು ಬೇರೆಯೇ ಇರುತ್ತಿತ್ತು. ಒಂದೇ ನಂಬರು, ಇಬ್ಬರು ಮನುಷ್ಯರಿಗೆ ಎರಡು ಅರ್ಥ. ಕೆಂಪಕ್ಷರದ ರಿಪೋರ್ಟಿನಲ್ಲಿ ಇದು ಎಲ್ಲಿ ಬರೆದಿರುತ್ತದೆ ಹೇಳಿ?

ಇಷ್ಟಕ್ಕೇ ಸಾಕು ಅನ್ನಬಹುದಿತ್ತು. ಆದರೆ ದೊಡ್ಡಪ್ಪನ ವಿಷಯವನ್ನು ಡಾಕ್ಟರ್ ಮರೆತಿರಲಿಲ್ಲ. ಒಬ್ಬರ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅವರಿಗೂ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಅದಕ್ಕಾಗಿ ಎಂಆರ್‌ಐ ಒಂದು ಮಾಡಿಸಿದರೆ ಮನಸ್ಸಿಗೂ ಸಮಾಧಾನ ಅಂದರು. ಖರ್ಚು ಎಷ್ಟಾಗುತ್ತದೆ ಅಂತ ಅವರೇ ಮೊದಲು ಹೇಳಿ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂತ ಬಿಟ್ಟರು. ಮಾಡಿಸಿದೆವು. ಅದರಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಒಂದು, ಎರಡು ಬಂದರೆ ಅನುಮಾನ ಕಡಿಮೆ. ಮೂರು ಗೊಂದಲದ್ದು. ನಾಲ್ಕು, ಐದು ಬಂದರೆ ಬಯಾಪ್ಸಿಗೆ ಹೇಳುತ್ತಾರೆ. ಅಪ್ಪನಿಗೆ ಎರಡು ಬಂತು. ಕ್ಯಾನ್ಸರ್ ಹೌದು ಅಂತ ಖಾತ್ರಿಯಾಗಿ ಹೇಳೋದು ಬಯಾಪ್ಸಿಯಲ್ಲಿ ತೆಗೆದ ಚೂರನ್ನು ನೋಡಿದ ಮೇಲೆಯೇ. ಎಂಆರ್‌ಐ ಕೂಡ ನೂರಕ್ಕೆ ನೂರು ಅಲ್ಲ, ಅದಕ್ಕೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ನೋಡುತ್ತಿರೋಣ, ಈಗ ಸೂಜಿ ಚುಚ್ಚುವ ಅಗತ್ಯ ಇಲ್ಲ ಅಂತ ಡಾಕ್ಟರ್ ಹೇಳಿದರು. ಅಪ್ಪ ಎದ್ದು ನಿಂತು ಕೈ ಮುಗಿದರು. ನನಗೂ ಕಣ್ಣು ತುಂಬಿ ಬಂತು.

ಅಲ್ಲಿಗೆ ಬಿಡದೆ ಡಾಕ್ಟರ್ ಇನ್ನೊಂದು ಕೇಳಿದರು, ತೀರಿಹೋದ ಅಣ್ಣನಿಗೆ ಗಂಡುಮಕ್ಕಳಿದ್ದಾರಾ ಅಂತ. ದೊಡ್ಡಪ್ಪನ ಮಗನಿಗೆ ಈಗ 48. ಸಾಮಾನ್ಯವಾಗಿ 50ಕ್ಕೆ ಡಾಕ್ಟರ ಹತ್ತಿರ ಈ ಪರೀಕ್ಷೆಯ ಮಾತು ತೆಗೆದರೆ ಸಾಕು, ಮನೆಯಲ್ಲಿ ಆದವರಿದ್ದರೆ 45ಕ್ಕೇ ತೆಗೆಯಬೇಕು, ಏನೂ ತೊಂದರೆ ಇಲ್ಲದಿದ್ದರೂ ಕರೆದುಕೊಂಡು ಬನ್ನಿ ಅಂದರು. ಎದುರಿಗೆ ಕೂತ ಪೇಶಂಟನ್ನು ಬಿಟ್ಟು ಮನೆಯಲ್ಲಿರುವ ಇನ್ನೊಬ್ಬರ ಬಗ್ಗೆ ವಿಚಾರಿಸುವ ಡಾಕ್ಟರನ್ನು ನಾನು ಜಾಸ್ತಿ ನೋಡಿಲ್ಲ. ದೊಡ್ಡಪ್ಪನ ಮಗ ಹೋಗಿ ತೋರಿಸಿಕೊಂಡು ಬಂದ. ಸದ್ಯಕ್ಕೆ ಏನೂ ಇಲ್ಲ.

ಔಷಧಿಯ ಬಗ್ಗೆ. ರಾತ್ರಿ ಊಟದ ನಂತರ ಟ್ಯಾಮ್ಸುಲೋಸಿನ್. ಕೆಲವೇ ದಿನದಲ್ಲಿ ಧಾರೆ ಸುಧಾರಿಸಿತು. ಎದ್ದು ನಿಂತಾಗ ತಲೆ ತಿರುಗಬಹುದು, ಹಾಸಿಗೆ ಅಂಚಿಗೆ ಸ್ವಲ್ಪ ಹೊತ್ತು ಕೂತು ಏಳಬೇಕು ಅಂತ ಸಿಸ್ಟರ್ ಅಪ್ಪನನ್ನು ಕೂರಿಸಿ ಏಳಿಸಿ ತೋರಿಸಿದರು. ಕಣ್ಣಿನ ಪೊರೆ ಆಪರೇಷನ್ ಮಾಡಿಸೋದಿದ್ದರೆ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಅಂತ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಬೇಕಂತೆ. ಅಪ್ಪನಿಗೆ ಪೊರೆ ಬಂದಿದೆ, ಹಾಗಾಗಿ ಇದು ನಮಗೆ ಬಹಳ ಉಪಯೋಗಕ್ಕೆ ಬಂತು. ಜೊತೆಗೆ ಡ್ಯುಟಾಸ್ಟೆರೈಡ್. ಇದು ನಿಧಾನ, ಆರು ತಿಂಗಳು ಬೇಕು. ಗ್ರಂಥಿಯನ್ನೇ ಕುಗ್ಗಿಸುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ: ಆರು ತಿಂಗಳ ಹೊತ್ತಿಗೆ ಈ ಮಾತ್ರೆಯಿಂದ ಪಿಎಸ್‌ಎ ಅರ್ಧಕ್ಕೆ ಇಳಿಯುತ್ತದೆ. ಬೇರೆ ಊರಲ್ಲಿ ಬೇರೆ ಡಾಕ್ಟರ್ ನೋಡಿ 2.3 ಇದೆ, ಚೆನ್ನಾಗಿದೆ ಅಂದುಬಿಡಬಹುದು. ನಿಜದಲ್ಲಿ ಅದು 4.6. ಮತ್ತು ಕೆಳಗೆ ಇಳಿದದ್ದು ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಮತ್ತೆ ಏರೋಕೆ ಶುರುವಾದರೆ, ನಂಬರು ನಾಲ್ಕರೊಳಗಿದ್ದರೂ ಬಿಡಬಾರದು. ಅಪ್ಪನ ಕಾರ್ಡಿನ ಮೇಲೆ ಡಾಕ್ಟರ್ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "ಪಿಎಸ್‌ಎ ಬಂದಿದ್ದನ್ನು ಎರಡರಿಂದ ಗುಣಿಸಿ ನೋಡಿ." ಇಂಥದ್ದಕ್ಕೇ ನಾನು ಐದು ಕೊಟ್ಟಿದ್ದು.

ಏಳು ಪ್ರಶ್ನೆಯ ಹಾಳೆಯಲ್ಲಿ ಈಗ ಅಪ್ಪನ ಅಂಕ 11. ರಾತ್ರಿ ಒಮ್ಮೆ, ಅಪರೂಪಕ್ಕೆ ಎರಡು ಸಲ ಏಳುತ್ತಾರೆ. ಮಾತ್ರೆಯಿಂದ ಆಗದಿದ್ದರೆ, ಮೂತ್ರ ಪದೇಪದೇ ಕಟ್ಟಿದರೆ ಆಪರೇಷನ್ ಇದೆ. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಯುವ ಹಾಲ್‌ನಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರು "ನಂದು ಪ್ರಾಸ್ಟೇಟ್ ತಗದಾರ್ರೀ, ಇನ್ನ ಕ್ಯಾನ್ಸರ್ ಚಿಂತಿ ಇಲ್ಲ" ಅನ್ನುತ್ತಿದ್ದರು. ನಾನು ಒಳಗೆ ಹೋದಾಗ ಕೇಳಿದೆ. ಬಿಪಿಎಚ್‌ಗೆ ನಳಿಗೆಯ ದಾರಿಯಿಂದ ಮಾಡುವ ಆಪರೇಷನ್‌ನಲ್ಲಿ ಒಳಗಿನ ಬೆಳೆದ ಭಾಗವನ್ನು ಮಾತ್ರ ತೆಗೆಯುತ್ತಾರೆ, ಹೊರಭಾಗ ಹಾಗೇ ಇರುತ್ತದೆ, ಅಲ್ಲಿ ಮುಂದೆ ಕ್ಯಾನ್ಸರ್ ಬರಬಹುದು. ಆಪರೇಷನ್ ಆದವರೂ ಪಿಎಸ್‌ಎ ನೋಡಿಸುತ್ತಿರಬೇಕು. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದಾರಾ, ರಿಪೋರ್ಟ್ ಏನು ಬಂತು ಅಂತಲೂ ಕೇಳಿ ಇಟ್ಟುಕೊಳ್ಳಬೇಕು.

ಈಗ ಹಿಡಿಸದ ವಿಷಯ. ಹತ್ತು ಗಂಟೆ ಟೋಕನ್ ಅಂದರೆ ಒಳಗೆ ಹೋಗೋದು ಹನ್ನೆರಡೂವರೆಗೆ. ಡಾಕ್ಟರ್ ಒಬ್ಬೊಬ್ಬರಿಗೆ ಅಷ್ಟು ಹೊತ್ತು ಕೊಡುತ್ತಾರೆ, ಅದು ಗೊತ್ತು. ಹಾಗಿದ್ದರೆ ಟೋಕನ್ ಕಡಿಮೆ ಕೊಡಲಿ. ನೀರು ಕುಡಿದು ಪರೀಕ್ಷೆಗೆ ಕಾಯುವವರೇ ಹಾಲ್ ತುಂಬಾ, ಪಾಯಖಾನೆ ಒಂದೇ, ಅದೂ ಮೆಟ್ಟಿಲಿಳಿದು ಹಿಂದುಗಡೆ. 70, 80 ದಾಟಿದವರು ತಡೆಯೋಕಾಗದೆ ಮೆಟ್ಟಿಲ ಮೇಲೆ ಒದ್ದಾಡೋದು ನೋಡಿದರೆ ಸಂಕಟ ಆಗುತ್ತದೆ. ಇನ್ನೊಂದು, ಕೌಂಟರಿನಿಂದ ಹೆಸರಿನ ಜೊತೆ ಕಾಯಿಲೆಯನ್ನೂ ಕೂಗಿ ಕರೆಯುತ್ತಾರೆ. ಅಪ್ಪ ತಲೆ ತಗ್ಗಿಸಿ ಹೋದರು. ಟೋಕನ್ ನಂಬರ್ ಕೂಗಿದರೆ ಸಾಕಲ್ವಾ? ಈ ಎರಡನ್ನೂ ಅವರ ಸಲಹೆ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಖರ್ಚು: ಡಾಕ್ಟರ್ ಫೀ 600, ರಿಪೋರ್ಟ್ ತೋರಿಸೋಕೆ ಹತ್ತು ದಿನದೊಳಗೆ ಹೋದರೆ ಮತ್ತೆ ಕೊಡಬೇಕಿಲ್ಲ. ದೊಡ್ಡ ಖರ್ಚು ಎಂಆರ್‌ಐ ಒಂದೇ, ಹೊರಗೆ ಮಾಡಿಸಬೇಕು. ಅದಕ್ಕೆ ಮೊದಲು ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ, ಜೊತೆಗೆ ಒಯ್ಯಿರಿ.

ಗದಗದಿಂದ ಹೋಗೋರು ಬಸ್ಸಿಗಿಂತ ರೈಲಿಗೆ ಹೋಗಿ. ಅಣ್ಣಿಗೇರಿ ದಾಟೋದರೊಳಗೆ ಬಸ್ ನಿಲ್ಲಿಸಿ ಅಂತ ಕೇಳುವ ಮುಜುಗರ ಇರೋದಿಲ್ಲ, ಬೋಗಿಯಲ್ಲೇ ಪಾಯಖಾನೆ ಇರುತ್ತದೆ. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಉದ್ದ, ಹಿರಿಯರನ್ನು ನಿಧಾನ ನಡೆಸಿಕೊಂಡು ಬನ್ನಿ. ಅಲ್ಲಿಂದ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ವಿದ್ಯಾನಗರ. ಆದರೆ ಮೂತ್ರ ಪೂರ್ತಿ ನಿಂತು ಹೊಟ್ಟೆ ಉಬ್ಬಿ ನೋವು ಬಂದರೆ ಯಾವ ಟೋಕನ್ನಿಗೂ ಕಾಯಬೇಡಿ. ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಕ್ಯಾಥೆಟರ್ ಹಾಕಿಸಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತುಹೋಗಿದ್ದರೂ ತೋರಿಸಿ.

ಕ್ಲಿನಿಕ್ಕಿಗೆ ಗುರುವಾರ ಬೆಳಿಗ್ಗೆ ಹೋಗಬೇಡಿ, ಡಾಕ್ಟರ್ ಆಪರೇಷನ್‌ನಲ್ಲಿ ಇರುತ್ತಾರೆ, ಮೂರರ ಮೇಲೆ ನೋಡುತ್ತಾರೆ. ಭಾನುವಾರ ರಜೆ. ಹಿಂದಿನ ಪಿಎಸ್‌ಎ ರಿಪೋರ್ಟ್ ಎಷ್ಟು ಹಳೆಯದಿದ್ದರೂ ಒಯ್ಯಿರಿ. ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ನೆಗಡಿದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.